ಎಮ್ಮೆಯ ಬಕೆಟ್ಟಿನಲ್ಲಿ ಹುಳ

ನಾನು ಒಂದು ತಗಡಿನ ಬಕೆಟ್ಟು. ಕಲಬುರಗಿಯ ಒಂದು ಶೆಡ್ಡಿನಲ್ಲಿ ಸುತ್ತಿಗೆ ಏಟು ತಿಂದೇ ಹುಟ್ಟಿದೆ. ಮೊದಲ ವರ್ಷ ಒಬ್ಬ ಗೌಂಡಿ ನನ್ನಲ್ಲಿ ಸಿಮೆಂಟು ಕಲಸಿದ, ತೊಳೆಯದೆ ಬಿಸಾಡಿ ಹೋದ. ಥೂ! ಅವನು ಕಟ್ಟಿದ ಮನೆಯ ಒಡತಿ ನೀಲಗಂಗಮ್ಮ ನನ್ನನ್ನು ಎತ್ತಿ, ಉಜ್ಜಿ, ತನ್ನ ಎಮ್ಮೆಗೆ ನೀರು ಕುಡಿಸಲು ಇಟ್ಟುಕೊಂಡಳು. ಏಳು ವರ್ಷ ಎರಡು ಹೊತ್ತೂ ಅದರ ಮೂತಿ ನನ್ನೊಳಗೆ. ನನ್ನ ಹಿಡಿಕೆ ಕಿರ್ ಎಂದರೆ ಅದರ ಕಿವಿ ನಿಮಿರುತ್ತಿತ್ತು.

ಆ ಸಲ ತೊಗರಿ ಹೂಬಿಟ್ಟಾಗ ದುಂಬಿ ಬಿದ್ದವು. ಕರಿ ಮೈ, ಕಿತ್ತಳೆ ಪಟ್ಟೆ. ಹೂವನ್ನೇ ಮೇಯ್ದರೆ ಕಾಯಿ ಎಲ್ಲಿಂದ ಬರಬೇಕು? ಇಬ್ಬನಿ ಆರುವ ಮೊದಲು ಹುಳ ಜಡವಾಗಿರುತ್ತವೆ. ನೀಲಗಂಗಮ್ಮ ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಆಗಲೇ ಗಿಡ ಕೊಡವಲು ಹೊರಟಳು. ಸೋಪಿನ ನೀರಿಗೆ ಪಾತ್ರೆ ಬೇಕಿತ್ತು, ಕೈಗೆ ಸಿಕ್ಕಿದ್ದು ನಾನು. ಇದು ಎಮ್ಮೆಯದು ಎಂದು ಯಾರಿಗೂ ಹೊಳೆಯಲಿಲ್ಲ. ನನಗೆ ಹೊಳೆಯಿತು. ನನ್ನನ್ನು ಕೇಳುವವರು ಯಾರು?

"ವೈನಿ, ಅಕ್ಕಿ ಹಸನ ಮಾಡಿದಂಗ ಹೊಲ ಹಸನ ಮಾಡ್ಲಿಕತ್ತೀರಲ್ಲ!" ಮೈದುನ ಸಾಯಬಣ್ಣ ನಕ್ಕ.

"ನಿನ್ನೆ ಕುತ್ತಿಗಿ ಮ್ಯಾಲಿನ ಹುಳ ಬರಿಗೈಲೆ ಹಿಸುಕಿದಿ, ಗುಳ್ಳಿ ಎದ್ದಾವ. ಇನ್ನಾ ಬುದ್ಧಿ ಬಂದಿಲ್ಲೇನು? ಇದು ದನದ ಹೊಟ್ಟಿಗಿ ಹೋದ್ರ ಕರುಳು ಸುಡ್ತದ. ಒಯ್ದು ತೆಗ್ಗಿನ್ಯಾಗ ಹೂಳು."

"ಆಯ್ತು ತಗೋರಿ."

ನನ್ನ ತುಂಬ ಸತ್ತ ಹುಳ. ಸಾಯಬಣ್ಣ ನನ್ನನ್ನು ಬನ್ನಿಗಿಡದ ಕೆಳಗೆ ಇಟ್ಟು ಸಲಿಕೆ ತರಲು ಹೋದ. ಅದೇ ಗಿಡಕ್ಕೆ ಎಮ್ಮೆ ಕಟ್ಟಿತ್ತು. ಏಳು ತಿಂಗಳ ಗಬ್ಬ. ಹಿಡಿಕೆ ಕಿರ್ ಎಂದಿತು. ಕಿವಿ ನಿಮಿರಿದವು.

ಹಗ್ಗ ಜಗ್ಗಿಕೊಂಡು ಬಂತು. ಬಿಸಿ ಉಸಿರು ನೊರೆಯ ಮೇಲೆ ಬಿತ್ತು. ಉರುಳಬೇಕು, ಈಗಲೇ ಉರುಳಬೇಕು ಎಂದುಕೊಂಡೆ. ಬಕೆಟ್ಟು ತಾನಾಗಿ ಉರುಳೀತೇ?

"ಹೋಯ್! ಹೋಯ್!" ಸಾಲಿನೊಳಗಿಂದ ಓಡಿಬಂದ ನೀಲಗಂಗಮ್ಮ ಕೈಯಲ್ಲಿದ್ದ ಕಳೆ ತೆಗೆಯುವ ಕುರುಪಿಯನ್ನೇ ಬೀಸಿದಳು. ಅದು ನನ್ನ ಪಕ್ಕೆಗೆ ಬಡಿಯಿತು, ಬಿದ್ದೆ. ಅವಳು ಎಮ್ಮೆಯನ್ನು ಆಚೆ ಎಳೆದು ಬಾಯಿಗೆ ಕೈ ಹಾಕಿದಳು.

"ಬಾಯಿ ತೆಗಿ, ನಮ್ಮವ್ವ, ತೆಗಿ!"

ನಾಲಿಗೆ ತಿರುವಿ ನೋಡಿದಳು. ಕೆಳತುಟಿಗೆ ಒಂದೇ ಒಂದು ಹುಳ ಅಂಟಿತ್ತು. ಒಳಗೆ ಏನೂ ಇರಲಿಲ್ಲ. ತುಟಿಯ ಹುಳವನ್ನು ಕಿತ್ತೆಸೆದು ಸೆರಗಿನಿಂದ ಒರೆಸಿದಳು.

ಸಾಯಬಣ್ಣ ಸಲಿಕೆ ಹಿಡಿದು ಬಂದ.

"ಇದು ಯಾರ ಬಕೆಟ್ ಅಂತ ಗೊತ್ತಿರಲಿಲ್ಲೇನೋ ನಿನಗ?" ಎಂದು ಅವನ ಮೇಲೆ ಹಾಯ್ದವಳು ತಟ್ಟನೆ ದನಿ ತಗ್ಗಿಸಿದಳು. "ಮನಿಯಿಂದ ತಂದಾಕಿ ನಾನೇ."

ಹುಳ ಹೂತಾದ ಮೇಲೆ ನನ್ನನ್ನು ಬೋರಲು ಹಾಕಿ, ಇನ್ನು ಇದರಲ್ಲಿ ನೀರೇ ನಿಲ್ಲಬಾರದೆಂದು ತುಕ್ಕು ತಿಂದ ತಳವನ್ನು ಕಲ್ಲಿನಿಂದ ಜಜ್ಜಿ ಕಿತ್ತಳು. ನೋವಾಯಿತು. ಆದರೂ ಹೊಡಿ, ಇನ್ನೂ ಹೊಡಿ ಎನ್ನುತ್ತಿದ್ದೆ. ಮರುದಿನದಿಂದ ಹುಳಕ್ಕೆಂದು ಮುಚ್ಚಳವಿರುವ ಎಣ್ಣೆ ಕ್ಯಾನು ಹೊಲಕ್ಕೆ ಹೋಯಿತು.

ಈಗ ನಾನು ಬೇಲಿಯ ಬದಿಯಲ್ಲಿದ್ದೇನೆ. ಎಮ್ಮೆ ಕರುವಿನೊಂದಿಗೆ ಮೇಯುತ್ತ ಬಂದು, ಬಾಯಾರಿದಾಗ ನನ್ನೊಳಗೆ ಮೂತಿ ಇಡುತ್ತದೆ. ಮೂತಿಗೆ ಮಣ್ಣು ತಾಗುತ್ತದೆ. ಬುಸ್ ಎಂದು ಒಂದು ಸಲ ಒದ್ದು ಹೋಗುತ್ತದೆ.

ಒದೆಯಲಿ. ಒದೆಯಲು ಜೀವ ಇದೆಯಲ್ಲ.