ಬಿಸಾಡಿದರೆ ಹೊಟ್ಟೆ ಉರಿಯದ ಹಾಸಿಗೆ

ನಮ್ಮಮ್ಮ ಹಾಸಿಗೆ ಕೊಳ್ಳಲು ಒಪ್ಪಿದ್ದು ಒಂದೇ ಒಂದು ಷರತ್ತಿನ ಮೇಲೆ. ತಾನು ಸತ್ತ ದಿನ ಅದನ್ನು ಊರಾಚೆ ಬಿಸಾಡುವಾಗ ಯಾರಿಗೂ ಹೊಟ್ಟೆ ಉರಿಯಬಾರದು, ಅಷ್ಟು ಅಗ್ಗದ್ದಾಗಿರಬೇಕು.

ಸತ್ತವರ ಹಾಸಿಗೆಯನ್ನು ಮನೆಯಲ್ಲಿ ಇಟ್ಟುಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ. ಹೆಣ ಎತ್ತಿದ ಮೇಲೆ ಚಾಪೆ, ದಿಂಬು, ಹೊದಿಕೆ ಎಲ್ಲವನ್ನೂ ಸುತ್ತಿ ಊರಾಚೆ ಹಾಕಿ ಬರುತ್ತಾರೆ. ಹರಿದ ಚಾಪೆ ಬಿಸಾಡಿದರೆ ಯಾರಿಗೂ ಏನೂ ಅನ್ನಿಸುವುದಿಲ್ಲ. ಆದರೆ ನಮ್ಮಜ್ಜಿ ರಂಗಮ್ಮನ ಕೊನೆಗಾಲದಲ್ಲಿ ಅಪ್ಪ ಬೂರುಗದ ಹತ್ತಿ ತುಂಬಿಸಿ ಹೊಸ ಹಾಸಿಗೆ ಹೊಲಿಸಿದ್ದರು. ಅಜ್ಜಿ ಅದರ ಮೇಲೆ ನೆಟ್ಟಗೆ ಒಂದು ವಾರವೂ ಮಲಗದೆ ಹೊರಟುಹೋದಳು. ಹಾಸಿಗೆಯೂ ಅವಳ ಹಿಂದೆಯೇ ಹೋಯಿತು. ಅತ್ತೆಗಾಗಿ ಅಮ್ಮ ತಿಥಿಯವರೆಗೂ ಅತ್ತಳು. ಹಾಸಿಗೆಗಾಗಿ ಇವತ್ತಿಗೂ ಅಳುತ್ತಾಳೆ.

ಅಮ್ಮನ ಹೆಸರು ಶಿವನಂಜಮ್ಮ. ಅಪ್ಪ ನಂಜುಂಡಯ್ಯ ಕೊಳ್ಳೇಗಾಲದಲ್ಲಿ ಕೈಮಗ್ಗದ ಮೇಲೆ ರೇಷ್ಮೆ ಸೀರೆ ನೇಯ್ದವರು. ಮಗ್ಗದ ಉದ್ದಕ್ಕೆ ಹೂಡಿದ ಎಳೆಗಳ ಒಂದು ಹಾಸು ಮುಗಿದಾಗ ಹಳೆಯ ಒಂದೊಂದು ಎಳೆಗೂ ಹೊಸ ಎಳೆ ಹೊಸೆದು ಸೇರಿಸಬೇಕು. ಆ ಕೆಲಸವನ್ನು ಮದುವೆಯಾಗಿ ಬಂದಾಗಿನಿಂದ ಅಮ್ಮನೇ ಬಗ್ಗಿ ಕೂತು ಮಾಡಿದ್ದು. ಸೀರೆಗಳು ಯಾರು ಯಾರದೋ ಮದುವೆಗೆ ಹೋದವು, ನೋವು ಮಾತ್ರ ಅಮ್ಮನ ಸೊಂಟದಲ್ಲೇ ಉಳಿಯಿತು. ಹೋದ ವರ್ಷದಿಂದ ಅವಳಿಗೆ ಚಾಪೆಯ ಮೇಲೆ ಮಲಗಿದರೆ ಏಳಲು ಆಗುತ್ತಿರಲಿಲ್ಲ. ಮಂಚದ ಬರೀ ಹಲಗೆಯ ಮೇಲೆ ಮಲಗಿದರೆ ನಿದ್ದೆ ಹತ್ತುತ್ತಿರಲಿಲ್ಲ. ಕೊನೆಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಗೋಡೆಗೆ ತಲೆಯಾನಿಸಿ ರಾತ್ರಿ ಕಳೆಯತೊಡಗಿದಳು. ಕಾಲು ಊದಿ ದಿಂಬಿನಂತಾದವು. ಮೈಸೂರಿನ ಡಾಕ್ಟರು, ಈಕೆ ಮಲಗಿ ನಿದ್ದೆ ಮಾಡದಿದ್ದರೆ ನಾನು ಬರೆದುಕೊಡುವ ಗುಳಿಗೆಯೆಲ್ಲ ದಂಡ ಎಂದು ಹೇಳಿ ಕಳಿಸಿದರು.

ನಾನು ಸ್ಪಂದನ, ಒಬ್ಬಳೇ ಮಗಳು. ಎರಡು ಬೀದಿ ಆಚೆ ನನ್ನ ಸಂಸಾರ. ನನಗೆ ಸಿಟ್ಟು ಬೇಗ ಬರುತ್ತದೆ ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ನಮ್ಮ ಮನೆಯವರ ಜೊತೆ ಒಂದು ದಿನ ಇದ್ದು ನೋಡಿದರೆ ಯಾರೂ ಹಾಗೆ ಹೇಳುವುದಿಲ್ಲ.

ಹಾಸಿಗೆ ಹುಡುಕಿಕೊಂಡು ಮೂವರೂ ಮೊದಲು ಯಳಂದೂರಿಗೆ ಹೋದೆವು. ಅಲ್ಲಿದ್ದದ್ದು ತೆಂಗಿನ ನಾರಿನ ಹಾಸಿಗೆ ಮಾತ್ರ. ಅಮ್ಮ ಕೈಯಿಂದ ಒತ್ತಿ ನೋಡಿ, ಇದಕ್ಕಿಂತ ನಮ್ಮ ಹಲಗೆ ಮೆತ್ತಗಿದೆ ಎಂದಳು. ಹನೂರಿನ ಅಂಗಡಿಯವನು ಕಂತಿನ ಮೇಲೆ ಕೊಡುತ್ತೇನೆ ಎಂದ.

"ಕಂತು ಮುಗಿಯಕ್ ಮುಂಚೆ ನಾನೋಗ್ಬುಟ್ರೆ?" ಅಮ್ಮ ಕೇಳಿದಳು.

ಅವನು ಪಾಪ, ಇಪ್ಪತ್ತೈದರ ಹುಡುಗ. ಉತ್ತರ ಹುಡುಕುತ್ತಾ ಕ್ಯಾಲ್ಕುಲೇಟರ್ ನೋಡಿದ. ನಾವು ಬಸ್ಸು ಹತ್ತಿದೆವು.

ಮೂರನೆಯದು ನಮ್ಮ ಊರಿನ ಮಹದೇವಪ್ರಸಾದ್ ಅವರ ಅಂಗಡಿ. ದೇವರ ಬೆಟ್ಟದ ಲಾಡ್ಜುಗಳಿಗೆಲ್ಲ ಹಾಸಿಗೆ ಹೋಗುವುದು ಅವರಲ್ಲಿಂದಲೇ. ಅವರು ಒಂದು ಮೆಮೊರಿ ಫೋಮ್ ಹಾಸಿಗೆ ತೋರಿಸಿ, ಇದು ಮೈ ಹೇಗಿದೆಯೋ ಹಾಗೆ ತಗ್ಗುತ್ತದೆ, ಸೊಂಟಕ್ಕೆ ಆಸರೆ ಕೊಡುತ್ತದೆ, ಈ ಜಾತಿಯಲ್ಲಿ ಇದೇ ಕಡಿಮೆ ರೇಟಿನದು ಎಂದರು.

"ಪೂರ್ತಿ ಅದೇನಾ?" ಅಪ್ಪ ಕೇಳಿದರು.

"ಇಲ್ಲ ಯಜಮಾನ್ರೇ. ಮ್ಯಾಲೆ ಎರಡಿಂಚು ಮೆಮೊರಿ ಫೋಮು, ಕೆಳಗೆ ನಾಕಿಂಚು ಮಾಮೂಲಿ ಫೋಮು. ಪೂರ್ತಿ ಅದೇ ಬೇಕಂದ್ರೆ ರೇಟು ಎಲ್ಲಿಗೋ ಓಯ್ತದೆ."

"ಸೆರಗಿಗೆ ಮಾತ್ರ ಜರಿ, ಮೈಯೆಲ್ಲ ಬರೀ ನೂಲು ಅನ್ನಿ."

"ಅಂಗೇ ಅನ್ಕಳಿ," ಎಂದರು ಮಹದೇವಪ್ರಸಾದ್. ಅಮ್ಮನ ಕಡೆ ತಿರುಗಿ, "ಕೂತ್ಕಂಡ್ರೆ ಗೊತ್ತಾಗಲ್ಲ ಕಣವ್ವಾ, ಒಂದ್ಸಲ ಮನೀಕಂಡ್ ನೋಡಿ," ಎಂದರು.

ಹಾಸಿಗೆ ಇದ್ದದ್ದು ಅಂಗಡಿಯ ಬಾಗಿಲಲ್ಲಿ. ಎದುರಿಗೆ ರಸ್ತೆ. ಅಮ್ಮ ರಸ್ತೆಯನ್ನು ಒಮ್ಮೆ ನೋಡಿದಳು.

"ಬೀದೀಗೆ ಕಾಣಂಗೆ ಮನಗ್ಸದು ಎಣಾನ. ಅದ್ಕಿನ್ನೂ ಟೈಮದೆ."

ಎಷ್ಟು ಹೇಳಿದರೂ ಅವಳು ಮಲಗಲಿಲ್ಲ. ಕೊನೆಗೆ ಅವಳ ಬದಲು ಅಪ್ಪನೇ ಚಪ್ಪಲಿ ಬಿಟ್ಟು, ಹೆಗಲ ಮೇಲಿನ ಟವೆಲ್ ಮಡಚಿ ಎದೆಯ ಮೇಲಿಟ್ಟುಕೊಂಡು ಮಲಗಿದರು. ಅಪ್ಪನ ಬೆನ್ನಿಗೆ ಯಾವ ಕಾಯಿಲೆಯೂ ಇಲ್ಲ. ಅದಕ್ಕೇ ಇರಬೇಕು, ಕಣ್ಣು ಮುಚ್ಚಿ ಸೊಂಟ ಹಿಡಿದುಕೊಂಡು ಅಮ್ಮನ ಹಾಗೆ ಒಂದೆರಡು ಸಲ ನರಳಿ ನೋಡಿದರು. ರಸ್ತೆಯಲ್ಲಿ ಹೋಗುತ್ತಿದ್ದವರು ನಿಂತರು. ಆಮೇಲೆ ಅಪ್ಪ ಎದ್ದು, "ನಿಂಗೆ ಸರಿಯಾಯ್ತದೆ ಕಣೆ," ಎಂದು ತೀರ್ಪು ಕೊಟ್ಟರು.

ಅಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಅಪ್ಪ ಜೇಬಿನಿಂದ ಬೆಂಕಿಪೊಟ್ಟಣ ತೆಗೆದರು.

"ಒಂದ್ ಚೂರು ಕಿತ್ಕೊಡಿ ಸಾವ್ಕಾರ್ರೇ, ಸುಟ್ಟು ನೋಡವ."

ಇದನ್ನು ಸ್ವಲ್ಪ ವಿವರಿಸಬೇಕು. ರೇಷ್ಮೆ ಅಸಲಿಯೋ ನಕಲಿಯೋ ಎಂದು ತಿಳಿಯಲು ನಮ್ಮವರು ಒಂದು ಎಳೆ ಸುಟ್ಟು ನೋಡುತ್ತಾರೆ. ಅಸಲಿಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ನಕಲಿ ಕರಗಿ ಗಂಟಾಗುತ್ತದೆ. ಇದು ರೇಷ್ಮೆಗೆ ಸರಿ. ಅಪ್ಪ ಮಾತ್ರ ಪರದೆ ಬಟ್ಟೆಯಿಂದ ಹಿಡಿದು ನನ್ನ ಮದುವೆಯ ರತ್ನಗಂಬಳಿಯವರೆಗೆ ಎಲ್ಲವನ್ನೂ ಸುಟ್ಟು ನೋಡಿದವರು. ರತ್ನಗಂಬಳಿ ಬಾಡಿಗೆಯದಾಗಿತ್ತು.

"ಇದು ಫೋಮು ಕಣ್ರೀ, ಸೀರೆಯಲ್ಲ," ಮಹದೇವಪ್ರಸಾದ್ ಬೆಂಕಿಪೊಟ್ಟಣವನ್ನು ಮೆಲ್ಲಗೆ ಅಪ್ಪನ ಕೈಯಿಂದ ತೆಗೆದುಕೊಂಡು ಗಲ್ಲಾಪೆಟ್ಟಿಗೆಯ ಮೇಲಿಟ್ಟರು. "ಅನುಮಾನ ಇದ್ರೆ ವಾರಂಟಿ ಅದಲ್ಲ. ಇದೇ ತರದ್ದು ಎರಡದೆ. ಒಂದ್ಕೆ ಐದೊರ್ಸ, ಒಂದ್ಕೆ ಅತ್ತೊರ್ಸ."

"ಐದೊರ್ಸದ್ದು ಸಾಕು," ಎಂದಳು ಅಮ್ಮ.

"ಅತ್ತೊರ್ಸದ್ದು ಕೊಡಿ," ಎಂದರು ಅಪ್ಪ.

"ಅತ್ತೊರ್ಸ ಯಾರ್ಗೆ?"

ಅಪ್ಪ ತಲೆ ಎತ್ತಿ ಫ್ಯಾನು ನೋಡಿದರು. ನನಗೆ ಇಬ್ಬರ ಮೇಲೂ ರೇಗಿತು, ಅದಕ್ಕಿಂತ ಹೆಚ್ಚು ಭಯವಾಯಿತು. ಅಮ್ಮ ಸೊಪ್ಪು ಕೊಳ್ಳುವಷ್ಟೇ ಸಲೀಸಾಗಿ ತನ್ನ ಆಯಸ್ಸಿಗೆ ಲೆಕ್ಕ ಹಾಕಿ ಮುಗಿಸಿದ್ದಳು.

ಅಮ್ಮನನ್ನು ಆಟೋ ಹತ್ತಿಸಿದ ಮೇಲೆ ಅಪ್ಪ ನನ್ನನ್ನು ಪಕ್ಕದ ಟೀ ಅಂಗಡಿಯ ಹತ್ತಿರ ಕರೆದರು. "ಅತ್ತೊರ್ಸದ್ದೇ ತಕೊ ಮಗಾ. ಅವಳ್ಗೆ ಐದು ಅಂತ ಯೋಳು," ಎಂದರು. ನಾನು ಹತ್ತು ವರ್ಷದ್ದನ್ನೇ ತೆಗೆದುಕೊಂಡು ಅಮ್ಮನಿಗೆ ಐದು ಎಂದೆ.

ಹಾಸಿಗೆ ಬಂತು. ಅವರ ಮದುವೆಯ ಮಂಚ ಇಬ್ಬರು ಮಲಗುವಷ್ಟು ಅಗಲದ್ದು. ಅಮ್ಮ ಕುರ್ಚಿಗೆ ಹೋದಂದಿನಿಂದ ಅಪ್ಪ ಅವಳ ಕಾಲ ಬುಡದಲ್ಲಿ ಚಾಪೆ ಹಾಸಿಕೊಳ್ಳುತ್ತಿದ್ದರು, ಮಂಚದ ಮೇಲೆ ಬಟ್ಟೆ ಮಡಚಿಡುತ್ತಿದ್ದರು. ಬಟ್ಟೆ ತೆಗೆದು ಹಾಸಿಗೆ ಹಾಸಿದೆವು. ಅಮ್ಮ ಬಂದು ನೋಡಿ, ಅಂಚಿನ ಹೊಲಿಗೆ ಮುಟ್ಟಿ, ಚೆನ್ನಾಗಿದೆ ಎಂದು ಹೇಳಿ ಹೋಗಿ ಕುರ್ಚಿಯಲ್ಲಿ ಕೂತಳು.

ಆ ರಾತ್ರಿ ಮಲಗಲಿಲ್ಲ. ಮಾರನೆಯ ದಿನವೂ ಮಲಗಲಿಲ್ಲ. ಕೇಳಿದರೆ, "ಒಸಾದು. ಮನೀಕಂಬುಟ್ರೆ ನಂದಾಯ್ತದೆ. ನಾಳೆ ದಿನ ಬಿಸಾಕಲೇಬೇಕಾಯ್ತದೆ," ಎನ್ನುತ್ತಾಳೆ. ನಾನು ಕೂಗಾಡಿದೆ. ಕುರ್ಚಿಯಲ್ಲೇ ಕೂತು ಸತ್ತರೆ ಕುರ್ಚಿ ಬಿಸಾಡ್ತೀವಿ ಎಂದೂ ಅಂದೆ. ಆಡಬಾರದ ಮಾತು, ಬಾಯಿಗೆ ಬಂದುಬಿಟ್ಟಿತು. ಅಮ್ಮ ಬೇಸರ ಮಾಡಿಕೊಳ್ಳಲಿಲ್ಲ. "ಕುರ್ಚಿ ಅಳೇದು ಬುಡು," ಎಂದಳು.

ಅಪ್ಪ ಮಾತ್ರ ಬೇರೆ ಥರ ಯೋಚಿಸಿದರು. ಗಿರಾಕಿ ಸೀರೆ ಬೇಡವೆಂದರೆ ಕೊರತೆ ಸೀರೆಯಲ್ಲೇ ಇರುತ್ತದೆ, ಗಿರಾಕಿಯಲ್ಲಲ್ಲ. ಅವರು ಅದೇ ನಂಬಿಕೆಯಲ್ಲಿ ಬದುಕಿದವರು. ಅಮ್ಮ ಮಲಗುತ್ತಿಲ್ಲ ಎಂದರೆ ಮಾಲಿನಲ್ಲೇ ಏನೋ ಮೋಸವಿದೆ. ಮೂರನೆಯ ದಿನ ಮಧ್ಯಾಹ್ನ ಊಟವಾದ ಮೇಲೆ ನಾನು ಹೋದಾಗ ಅವರು ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರು. ಹಾಸಿಗೆಯ ಮೂಲೆಯನ್ನು ಬ್ಲೇಡಿನಿಂದ ಸೀಳಿ ನೆಲ್ಲಿಕಾಯಿ ಗಾತ್ರದ ಫೋಮು ಕಿತ್ತು ಸುಟ್ಟಿದ್ದರು. ಕಪ್ಪು ಹೊಗೆ, ಕೆಟ್ಟ ವಾಸನೆ, ಕಲ್ಲಿನ ಮೇಲೊಂದು ಅಂಟಂಟು ಗಂಟು.

"ನೋಡ್ ಮಗಾ, ಗಂಟಾಯ್ತು. ಒರಿಜಿನಲ್ ಅಲ್ಲ ಇದು."

"ಅಪ್ಪಾ, ಪ್ರಪಂಚದಲ್ಲಿ ಯಾವ ಫೋಮು ಸುಟ್ಟರೂ ಗಂಟೇ ಆಗೋದು!"

ನನ್ನ ಮಾತು ಅವರ ಕಿವಿಗೆ ಬೀಳಲಿಲ್ಲ. ಒಳಗೆ ಬಂದವರೇ ಅಂಗಡಿಗೆ ಫೋನ್ ಮಾಡಿದರು. ಅಪ್ಪನಿಗೆ ಕಿವಿ ಮಂದ, ಸ್ಪೀಕರ್ ಹಾಕಿಯೇ ಮಾತಾಡುವುದು. ಅಮ್ಮ ಕುರ್ಚಿಯಲ್ಲಿ ಕೂತು ಅವರೆಕಾಳು ಬಿಡಿಸುತ್ತಿದ್ದಳು. ಅಪ್ಪ ವಿಷಯ ಹೇಳಿದರು. ಆ ಕಡೆಯಿಂದ ಮಹದೇವಪ್ರಸಾದ್ ಕೂಗಿದ್ದು ಮನೆಯೆಲ್ಲ ಕೇಳಿತು.

"ಕುಯ್ದು ಸುಟ್ಬುಟ್ರಾ? ಇನ್ ವಾಪಸ್ ತಕಳಕಾಗಲ್ಲ ಯಜಮಾನ್ರೇ. ವಾರಂಟೀನೂ ಓಯ್ತು. ಆಸೆಪಟ್ಟು ಅತ್ತೊರ್ಸದ್ದು ತಕಂಡ್ರಿ, ಮೂರ್ ದಿನಕ್ಕೆ ಮುಗಿಸ್ಬುಟ್ರಲ್ಲ!"

ಫೋನ್ ಕಟ್ಟಾಯಿತು. ಅಮ್ಮ ಅವರೆಕಾಯಿಯ ಮೊರ ಕೆಳಗಿಟ್ಟಳು.

"ಯಾವ ಅತ್ತೊರ್ಸ?"

ಅಪ್ಪ ನನ್ನ ಕಡೆ ನೋಡಿದರು. ನಾನು ಗೋಡೆ ನೋಡಿದೆ.

"ನಾನು ಐದು ಸಾಕು ಅಂದಿದ್ದೆ ತಾನೆ?"

"ಅಂದಿದ್ದೆ."

"ಮತ್ತೆ?"

ಅಪ್ಪ ಫೋನನ್ನು ಜೇಬಿಗೆ ಹಾಕಿದರು, ಮತ್ತೆ ತೆಗೆದರು. ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡರು. "ಐದು ನಂಗೆ ಸಾಲ್ದು ಕಣೆ," ಎಂದರು.

ನಮ್ಮಪ್ಪ ಅಮ್ಮನಿಗೆ ಇಂಥ ಮಾತು ಆಡಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿಲ್ಲ. ನನಗೆ ಅಳು ಬಂತು. ಅಲ್ಲಿ ನಿಲ್ಲಲಾಗದೆ ಅಡುಗೆಮನೆಗೆ ಹೋಗಿ, ಕುಡಿಯಬೇಕಾಗಿಲ್ಲದ ನೀರು ಕುಡಿದೆ. ವಾಪಸ್ ಬಂದಾಗ ಅಮ್ಮ ಗೋಡೆ ಹಿಡಿದು ಮಂಚದ ಹತ್ತಿರ ನಡೆಯುತ್ತಿದ್ದಳು. ಸೀಳಿದ ಮೂಲೆಯನ್ನು ನೋಡಿದಳು. ಬೈಯಲಿಲ್ಲ. ಮೆಲ್ಲಗೆ ಕೂತು, ಒಂದು ಪಕ್ಕಕ್ಕೆ ವಾಲಿ, ಕಾಲು ಮೇಲೆತ್ತಿಕೊಂಡಳು. ನಾನು ಸೆರಗು ಸರಿಮಾಡಿ ಹೊದಿಸುವಷ್ಟರಲ್ಲಿ ಕಣ್ಣು ಮುಚ್ಚಿದ್ದಳು.

ನಾನು ಮನೆಗೆ ಹೋಗಿ ಕೆಲಸ ಮುಗಿಸಿ ಸಂಜೆ ಬಂದೆ. ದೇವರ ಮುಂದೆ ದೀಪ ಹಚ್ಚಿರಲಿಲ್ಲ. ಅಮ್ಮ ದೀಪದ ಹೊತ್ತಿನಲ್ಲಿ ಮಲಗಿದವಳಲ್ಲ, ಜ್ವರ ಬಂದಾಗಲೂ. ಚಪ್ಪಲಿ ಬಿಡದೆಯೇ ಓಡಿದೆ. ಒಳಗೆ ಅಪ್ಪ ಮಂಚದ ಪಕ್ಕ ಬಗ್ಗಿ ನಿಂತು, ಒಂದು ಹಸಿ ರೇಷ್ಮೆ ಎಳೆಯನ್ನು ಎರಡು ಬೆರಳಲ್ಲಿ ಹಿಡಿದು ಅಮ್ಮನ ಮೂಗಿನ ಮುಂದೆ ಇಳಿಬಿಟ್ಟಿದ್ದರು. ಅವರ ಕೈ ಎಷ್ಟು ನಡುಗುತ್ತಿತ್ತೆಂದರೆ ಎಳೆ ಅಮ್ಮನ ಉಸಿರಿಗೆ ಅಲುಗುತ್ತಿದೆಯೋ ಅಪ್ಪನ ನಡುಕಕ್ಕೆ ಅಲುಗುತ್ತಿದೆಯೋ ಗೊತ್ತಾಗುವಂತಿರಲಿಲ್ಲ.

"ಬಿಸಾಕ್ಬ್ಯಾಡಿ," ಕಣ್ಣು ಬಿಡದೆ ಅಮ್ಮ ಹೇಳಿದಳು. "ಇನ್ನೂ ಉಸಿರಾಡ್ತಾವ್ನಿ."

ಅಪ್ಪ ನೆಲದ ಮೇಲೆ ಕೂತರು. ಟವೆಲಿನಿಂದ ಮುಖ ಒರೆಸಿಕೊಂಡರು. ಒರೆಸಿ ಮುಗಿಯಲು ಬಹಳ ಹೊತ್ತು ಬೇಕಾಯಿತು.

"ಬಿಸಾಕಲ್ಲ ಕಣೆ," ಎಂದರು ಕೊನೆಗೆ. "ನೀನ್ ಓಗ್ಬುಟ್ರೂ ಬಿಸಾಕಲ್ಲ. ಇದ್ರ ಮ್ಯಾಲೆ ನಾನೇ ಮನೀಕತೀನಿ."

"ಜನ ಏನಂದಾರು?"

"ಏನಾರ ಅನ್ಕಳ್ಲಿ."

ಅಮ್ಮ ಮತ್ತೆ ನಿದ್ದೆ ಹೋದಳೇನೋ ಅಂದುಕೊಂಡೆ.

"ಅದ್ಕೆ ನಾನ್ ಸಾಯಗಂಟ ಯಾಕ್ ಕಾಯ್ತೀರಿ?" ಎಂದಳು. ಒಂದು ಕೈ ಊರಿ, ನೋವಿಗೆ ಹಲ್ಲು ಕಚ್ಚಿಕೊಂಡು, ಗೋಡೆಯ ಕಡೆಗೆ ಸರಿದು ಜಾಗ ಬಿಟ್ಟಳು.