ದಾಖಲೆಗೆ ಬಾರದ ತಪ್ಪು

ಡೆಲ್ಫೀನ್ ವಿಂಗೇಟ್ ಕುಡಿದು ಕಾರು ಓಡಿಸಿದಳೆಂಬ ಮೊಕದ್ದಮೆ ಅಂದು ವಿಚಾರಣೆಗೆ ಬಂದಿತ್ತು. ಶಿಕ್ಷೆಯಾದರೆ ವೃದ್ಧಾಶ್ರಮದ ವ್ಯಾನು ಓಡಿಸುವ ಕೆಲಸ ಹೋಗುತ್ತದೆಂದು ಆಶ್ರಮದವರು ಮೊದಲೇ ಹೇಳಿಬಿಟ್ಟಿದ್ದರು.

ಓಡಿಸಿದ್ದಾದರೂ ಎಷ್ಟು ದೂರ? ಸಿಕ್ಕಿಬಿದ್ದ ದಿನ ಒಡೆಸ್ಸಾ ಅತ್ತೆಯ ಮನೆಯಂಗಳದಲ್ಲಿ ಏಡಿಯೂಟವಿತ್ತು. ಬಿಯರ್ ಕುಡಿದಿದ್ದರಿಂದ ರಾತ್ರಿ ಅಲ್ಲೇ ಮಲಗುವುದೆಂದು ಡೆಲ್ಫೀನ್ ಕೀಲಿಯನ್ನೂ ಅತ್ತೆಯ ಕೈಗೆ ಕೊಟ್ಟಿದ್ದಳು. ಸಂಜೆ ಕೊಲ್ಲಿಯ ಉಬ್ಬರ ರಸ್ತೆಗೇರಿತು. ಉಪ್ಪುನೀರು ಬಂದರೆ ಕಾರುಗಳನ್ನೆಲ್ಲ ಚರ್ಚಿನ ದಿಬ್ಬಕ್ಕೆ ಸಾಗಿಸುವುದು ಆ ಊರಿನ ರೂಢಿ. ಸಾಗಿಸದವರನ್ನು ದಡ್ಡರೆಂದು ನಗುತ್ತಾರೆ. ಅವಳೂ ಕೀಲಿ ವಾಪಸು ಇಸಿದುಕೊಂಡು ಸಾಗಿಸಿದಳು. ದಿಬ್ಬದ ಮೇಲೆ ಪರವೂರಿನಿಂದ ಹೊಸದಾಗಿ ಬಂದ ಪೊಲೀಸಿನವನು ನಿಂತಿದ್ದ.

ಸರ್ಕಾರ ಕೊಟ್ಟ ವಕೀಲ ಹಾರ್ಗಿಸ್ ಕೋರ್ಟಿನ ಪಡಸಾಲೆಯಲ್ಲಿ ನಿಂತುಕೊಂಡೇ ದಾರಿ ಹೇಳಿದ. ತಪ್ಪೊಪ್ಪಿಕೊಂಡು, ತೀರ್ಪಿಗೆ ಮುಂಚಿನ ಪ್ರೊಬೇಷನ್ ಕೇಳಬೇಕು. ಕೊಟ್ಟರೆ ಅಪರಾಧಿ ಎಂದು ಬರೆಯುವುದಿಲ್ಲ. ಒಂದಷ್ಟು ಕಾಲ ನೆಟ್ಟಗಿದ್ದರೆ ಸಾಕು, ಕೆಲಸ ಉಳಿಯುತ್ತದೆ. ಈ ಮೊದಲು ಏನಾದರೂ ಆಗಿತ್ತೇ ಎಂದು ಕೇಳಿದಾಗ ಅವಳು ಇಲ್ಲ ಎಂದಳು.

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಹತ್ತೊಂಬತ್ತರ ವಯಸ್ಸಿನಲ್ಲಿ ಒಂದು ಚಳಿಗಾಲ, ಕುಡಿದವಳು ಓಡಿಸಬಾರದೆಂದು ನಿಂತ ಕಾರಿನಲ್ಲೇ ಮಲಗಿದ್ದಳು, ಬೆಚ್ಚಗಿರಲೆಂದು ಎಂಜಿನ್ ಹಾಕಿಕೊಂಡು. ಅದಕ್ಕೂ ಹಿಡಿದಿದ್ದರು. ಹೋರಾಡಿದ್ದರೆ ಗೆಲ್ಲಬಹುದಿತ್ತೇನೋ. ಆಗಿನ ವಕೀಲ ಇದೇ ಪ್ರೊಬೇಷನ್ ಕೊಡಿಸಿ, ಇನ್ನು ಯಾರು ಕೇಳಿದರೂ ಏನೂ ಆಗಿಲ್ಲ ಅನ್ನು ಎಂದಿದ್ದ.

ಒಳಗೆ ಹಾರ್ಗಿಸ್ ಅವಳ ತಪ್ಪೊಪ್ಪಿಗೆ ತಿಳಿಸಿ ಪ್ರೊಬೇಷನ್ ಕೇಳಿದಾಗ ನ್ಯಾಯಾಧೀಶರು ಕಡತದಿಂದ ತಲೆಯೆತ್ತಿದರು. "ಎಂಟು ವರ್ಷದ ಹಿಂದೆ ಒಂದ್ಸಲ ಇದನ್ನ ತಗೊಂಡಿದ್ದೀಯಲ್ಲಮ್ಮ. ಹತ್ತು ವರ್ಷದೊಳಗೆ ಇನ್ನೊಂದ್ಸಲ ಕೊಡೋಕೆ ಬರಲ್ಲ."

"ನನ್ನತ್ರ ಯಾಕೆ ಮುಚ್ಚಿಟ್ಟೆ?" ಹಾರ್ಗಿಸ್ ಹಲ್ಲು ಕಚ್ಚಿ ಪಿಸುಗುಟ್ಟಿದ.

"ಇಲ್ಲ ಅನ್ನು ಅಂತ ಹೇಳಿಕೊಟ್ಟೋರು ನಿಮ್ಮೋರೇ."

ತಪ್ಪೊಪ್ಪಿಗೆಯನ್ನು ತಾವಿನ್ನೂ ಸ್ವೀಕರಿಸಿಲ್ಲ, ಈಗಲೂ ಒಪ್ಪುತ್ತೀಯಾ ಎಂದು ನ್ಯಾಯಾಧೀಶರು ಕೇಳಿದರು. ದೊಡ್ಡವರೆದುರು ಡೆಲ್ಫೀನಳ ಬಾಯಿ ಯಾವತ್ತೂ ಕಟ್ಟಿಹೋಗುತ್ತಿತ್ತು. ಹೂಂ ಎಂದು ತಲೆಯಾಡಿಸಿಯೇ ಬದುಕಿದವಳು. ಈಗ ಒಂದು ಹೆಜ್ಜೆ ಮುಂದೆ ಬಂದಳು.

"ಸ್ವಾಮಿ, ಅವತ್ತು ಅದು ಅಪರಾಧವೇ ಅಲ್ಲ ಅಂದ್ರಿ. ಇವತ್ತು ಅದನ್ನೇ ಒಂದು ಅಂತ ಎಣಿಸ್ತೀರಿ. ಇಲ್ಲದೇ ಇರೋದನ್ನ ಹೆಂಗೆ ಎಣಿಸ್ತೀರಿ?"

"ಕಾನೂನು ಹಾಗಿದೆಯಮ್ಮ."

"ಹಾಗಾದ್ರೆ ನಾನು ಒಪ್ಪಲ್ಲ."

ಹಾರ್ಗಿಸ್ ಅವಳ ತೋಳು ಜಗ್ಗಿದ. ಸೋತರೆ ಕೆಲಸ ಹೋಗುವುದರ ಜೊತೆ ಜೈಲೂ ಆದೀತು ಎಂದ. ಅವಳು ತೋಳು ಬಿಡಿಸಿಕೊಂಡಳು.

"ನಂಗೆ ಜೂರಿ ಬೇಕು ಸ್ವಾಮಿ. ಈ ಕೊಲ್ಲಿ ದಂಡೆ ಜನಾನೇ ತೀರ್ಪು ಹೇಳೋಕೆ ಕೂರಲಿ. ಮನೆ ಬಾಗಿಲಿಗೆ ನೀರು ಬಂದಾಗ ಕಾರನ್ನ ಏನು ಮಾಡ್ತಾರೆ ಅಂತ ಅವರೇ ಹೇಳಲಿ."