ಕಿಟಕಿಯ ಇನ್ನೊಂದು ಕದ

ಕೂರುವ ದಿಂಬನ್ನು ಕಂಕುಳಲ್ಲಿ ಅವುಚಿಕೊಂಡು ಅತ್ತಿಗೆ ಕಿಟಕಿ ಪಕ್ಕದ ಹೊಲಿಗೆ ಮಿಷನ್ ಬಿಟ್ಟು ಎದ್ದಳು. "ನಾಳೆಯಿಂದ ಅಲ್ಲಿ ನಿಮ್ಮ ನಾದಿನಿ ಕೂರ್ಲಿ, ಅವಳ ಕೈ ಚುರುಕು" ಎಂದು ಮಾಲೀಕರು ಹೇಳಿದ್ದು ನಿನ್ನೆ ಸಂಜೆ. ಗಂಡನ ತಂಗಿ ಎಂದು ಹೊಲಿಗೆ ಕಲಿಸಿ, ಕೈಹಿಡಿದು ಕರೆತಂದು ಇಲ್ಲಿ ಸೇರಿಸಿದವಳು ತಾನೇ. ಹತ್ತಿದ ಏಣಿ ಒದೆಯುವುದೆಂದರೆ ಇದೇ ಎಂದು ಅವಳ ಹೊಟ್ಟೆ ಉರಿಯುತ್ತಿತ್ತು.

ಆ ಕೋಣೆಗೆ ಕಿಟಕಿ ಒಂದೇ. ಅದರಲ್ಲೂ ತೆರೆದಿರುತ್ತಿದ್ದುದು ಒಂದೇ ಕದ. ಬಿಸಿಲು ಕುತ್ತಿಗೆಗೆ ಹೊಡೆಯುತ್ತದೆಂದು ಇನ್ನೊಂದಕ್ಕೆ ಅತ್ತಿಗೆ ಎಂದೋ ಚಿಲಕ ಹಾಕಿದ್ದಳು. ಕತ್ತರಿಸಿದ ಬಟ್ಟೆ ಬಂದಾಗ ಕಿಟಕಿಯವಳು ಮೊದಲು ಆರಿಸಿಕೊಳ್ಳಬೇಕು, ಉಳಿದದ್ದು ಮೂಲೆಯವಳಿಗೆ ಎನ್ನುವುದು ಅಲ್ಲಿನ ಪದ್ಧತಿ. ಬಿಳಿ ಬಿಟ್ಟು ಕಪ್ಪು ಆರಿಸುವ ಪೆದ್ದರು ಯಾರಿದ್ದಾರೆ? ಕಪ್ಪು ಬಟ್ಟೆಯ ಮೇಲೆ ಕಪ್ಪು ದಾರ ಕಾಣುವುದಿಲ್ಲ. ಅಂಗಿಗಿಷ್ಟು ಎಂದು ಕೂಲಿ, ಕೈ ನಿಧಾನವಾದಷ್ಟೂ ಗಳಿಕೆ ಕಡಿಮೆ. ಇಷ್ಟು ವರ್ಷವೂ ನಾದಿನಿ ಮೂಲೆಯಲ್ಲಿ ಕಪ್ಪನ್ನೇ ಹೊಲಿದಳು. ಅತ್ತಿಗೆಗೆ ಅದು ಅನ್ಯಾಯ ಎನ್ನಿಸಿರಲಿಲ್ಲ. ತಾನೂ ಒಂದು ಕಾಲಕ್ಕೆ ಮೂಲೆಯಲ್ಲಿದ್ದವಳೇ ಅಲ್ಲವೇ?

ಬಟ್ಟೆ ಬಂತು. ಗುಂಡಿಗೆ ಕಾಜಾ ಹಾಕುವ ಅಜ್ಜಿ ಸೂಜಿ ನಿಲ್ಲಿಸಿದಳು. "ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಿದ್ರು. ನಾದಿನಿಗೂ ಒಂದು ಕಾಲ ಬರತ್ತೆ ಅಂತ ಇವತ್ತೇ ಗೊತ್ತಾಗಿದ್ದು!"

ಕಿಟಕಿ ಪಕ್ಕ ಬಂದು ಕೂತಿದ್ದ ನಾದಿನಿ ನಗಲಿಲ್ಲ. ಕಪ್ಪು ಬಟ್ಟೆಯ ರಾಶಿಯನ್ನು ಅಷ್ಟೂ ತನ್ನ ಕಡೆಗೆ ಎಳೆದುಕೊಂಡಳು.

ಅತ್ತಿಗೆಗೆ ರೇಗಿತು. "ಸಾಕು ಮಾಡೇ ನಿನ್ನ ನಾಟಕ. ನಿನ್ನ ಕನಿಕರ ಯಾರಿಗೆ ಬೇಕಾಗಿದೆ? ಬಿಳಿ ತಗೋ."

"ಕನಿಕರವೂ ಇಲ್ಲ, ಮಣ್ಣೂ ಇಲ್ಲ ಅತ್ತಿಗೆ. ಕತ್ತಲಲ್ಲಿ ಕಪ್ಪು ಹೊಲಿದೂ ಹೊಲಿದೂ ನನ್ನ ಕಣ್ಣು ಹಾಳಾಯ್ತು, ಬೆರಳಲ್ಲೇ ನೋಡೋದು ಕಲಿತೆ. ಇನ್ನು ಆ ಮೂಲೇಲಿ ಯಾರೂ ಕಪ್ಪು ಹೊಲಿಯೋದು ಬೇಡ. ಬೆಳಕು ಬೇಕಾಗಿರೋದು ಕಪ್ಪಿಗೆ. ಬಿಳಿಗೇನು, ಎಲ್ಲಿಟ್ರೂ ಕಾಣತ್ತೆ."

"ಹಾಗಿದ್ರೆ ಇಷ್ಟು ದಿನ ಬಾಯಿ ಬಿಡೋಕೆ ಏನಾಗಿತ್ತು?"

"ಬಿಟ್ಟಿದ್ದೆ. ಸೇರಿದ ಹೊಸತರಲ್ಲೇ. 'ಮೂಲೇಲಿ ಕೂತವರು ಆರಿಸಬಾರ್ದು' ಅಂದಿದ್ರಿ."

ಅತ್ತಿಗೆಗೆ ನೆನಪಾಗಲಿಲ್ಲ. ಅದು ಸುಳ್ಳೆಂದು ಸಾಕ್ಷಿ ಹೇಳಲಿ ಎಂದು ಅಜ್ಜಿಯ ಮುಖ ನೋಡಿದಳು. ಅಜ್ಜಿ ತಲೆ ತಗ್ಗಿಸಿ ಸೂಜಿಗೆ ದಾರ ಪೋಣಿಸತೊಡಗಿದಳು.

ಮೂಲೆಗೆ ಹೋಗಿ ಕೂತು ಅತ್ತಿಗೆ ಒಂದು ಬಿಳಿ ತೋಳು ಹೊಲಿದಳು. ಕತ್ತಲಲ್ಲೂ ಗೆರೆ ನೆಟ್ಟಗೆ ಬಂತು. ಎರಡನೆಯದೂ ಹಾಗೆಯೇ ಬಂತು. ಅವಳಿಗೆ ನಾಚಿಕೆಯಾಯಿತು, ನಾಚಿಕೆಯ ಜೊತೆಗೇ ಸಿಟ್ಟೂ ಬಂತು. ಕತ್ತೆತ್ತಿ ನೋಡಿದರೆ, ನಾದಿನಿ ಕಿಟಕಿಯ ಬೆಳಕಲ್ಲೂ ಹೊಲಿಗೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ದಾರ ಹುಡುಕುತ್ತಿದ್ದಳು.

ಅತ್ತಿಗೆ ಎದ್ದು ಕಿಟಕಿಯ ಹತ್ತಿರ ಬಂದಳು. ಮುಚ್ಚಿದ ಕದದ ಚಿಲಕ ತುಕ್ಕು ಹಿಡಿದಿತ್ತು, ಜಪ್ಪಯ್ಯ ಅನ್ನಲಿಲ್ಲ. ಕತ್ತರಿಯ ಹಿಡಿಯಿಂದ ಎರಡೇಟು ಹೊಡೆದು ಕದವನ್ನು ಹೊರಕ್ಕೆ ನೂಕಿದಳು.

ನಾದಿನಿ ತಲೆ ಎತ್ತಲಿಲ್ಲ. ಬಟ್ಟೆಯನ್ನು ಮುಖದಿಂದ ಒಂದಿಷ್ಟು ದೂರ ಹಿಡಿದಳು.